ಆಲೂಗಡ್ಡೆಯ ಹಿಮ

ಹೊರಗೆ ನಲವತ್ತೊಂದು ಡಿಗ್ರಿ.
ದಕ್ಷಿಣ ಆಸ್ಟ್ರೇಲಿಯದ ಡಿಸೆಂಬರು.
ವಾಲರೂ ಬಂದರಿನಲ್ಲಿ
ಗೋಧಿ ಕಣಜಗಳ ನೆರಳೂ ಬೆವರುತ್ತಿದೆ.
ಒಳಗೆ ನಾವು ಇಂಗ್ಲೆಂಡಿಗೆ ಹಿಮ ಸುರಿಸುತ್ತಿದ್ದೇವೆ:
ಪೊಟ್ಟಣಕ್ಕೆ ಎರಡು ಡಾಲರಿನ
ಒಣ ಆಲೂಗಡ್ಡೆಯ ಚಕ್ಕೆ.
ಬಿಸಿನೀರು ಹಾಕಿದರೆ ಊಟ,
ಮೇಲಿಂದ ಉದುರಿಸಿದರೆ ಚಳಿಗಾಲ.

ನಾನು ಪರದೆಯ ಮರೆಯಲ್ಲಿ, ಸ್ಟೂಲಿನ ಮೇಲೆ,
ತೊಡೆಯಲ್ಲಿ ಪುಸ್ತಕ, ಕೈಯಲ್ಲಿ ಟಾರ್ಚು.
ಇಪ್ಪತ್ತಾರು ವರ್ಷದಿಂದ ಇದೇ ಕೆಲಸ,
ಮರೆತವರ ಬಾಯಿಗೆ ಮಾತು ಇಡುವುದು.
ಕರಪತ್ರದಲ್ಲಿ ನನ್ನ ಹೆಸರು ಕಟ್ಟಕಡೆಗೆ,
ಕೇಕು ಕೊಟ್ಟವರ ಕೆಳಗೆ.

ಕಥೆ ವಿಕ್ಟೋರಿಯ ರಾಣಿಯ ಕಾಲದ್ದು.
ಎಂಜಲು ಕೈಯಲ್ಲಿ ಕಾಗೆ ಓಡಿಸದ ಗಿರಣಿ ಯಜಮಾನ,
ಹಬ್ಬದ ಹಿಂದಿನ ರಾತ್ರಿ
ಅವನ ಬಾಗಿಲು ಬಡಿಯುವ ತಬ್ಬಲಿ ಹುಡುಗಿ.
ಮೂರು ಸಲ 'ಹೋಗು'. ನಾಲ್ಕನೆಯ ಸಲ 'ಬಾ'.
ಅಷ್ಟೇ.
ಆ ಒಂದು 'ಬಾ'ಗಾಗಿ ವರ್ಷವರ್ಷ
ಊರೆಲ್ಲ ಟಿಕೆಟ್ಟು ಕೊಳ್ಳುತ್ತದೆ.

ಯಜಮಾನ ನಮ್ಮ ಕ್ಲೆಮ್ ಟ್ರೆಗೆಂಜ,
ಮೊಳೆ ಬಣ್ಣದ ಅಂಗಡಿಯವನು.
ದೀಪ ಬಿಡುವವನು ಜೋರಿ, ಅವನ ತಮ್ಮ.
ಮಾತು ಬಿಟ್ಟು ಹತ್ತೊಂಬತ್ತು ವರ್ಷ.
ಅಪ್ಪನ ದೋಣಿ ಯಾರದ್ದು ಅಂತ ಶುರುವಾಗಿದ್ದು;
ದೋಣಿ ಎಂದೋ ಕೊಳೆತು ಮಣ್ಣಾಯಿತು,
ಜಗಳ ಇನ್ನೂ ತೇಲುತ್ತಿದೆ.
"ಬೆಳಕು ಕಣ್ಣಿಗೆ ಹೊಡೀತಿದೆ ಅಂತ ಅವನಿಗೆ ಹೇಳು."
"ಹೊಡೀಲಿ ಅಂತ ಹೇಳು."
ಆರಡಿ ದೂರದಲ್ಲಿ ನಿಂತು, ನನ್ನ ಮುಖಾಂತರ.

ಹುಡುಗಿ ಲಿಗಾಯ, ಒಂಬತ್ತು ವರ್ಷ,
ಆಸ್ಪತ್ರೆಯ ಫಿಲಿಪಿನೊ ನರ್ಸಿನ ಮಗಳು.
ಮೊದಲ ದಿನವೇ ಕೇಳಿದಳು, ನಿಜವಾದ ಹಿಮ ಹೇಗಿರುತ್ತದೆ?
ನಮ್ಮಲ್ಲಿ ಯಾರೂ ನೋಡಿರಲಿಲ್ಲ.
ಜೋರಿ ಮಾತ್ರ, ಒಮ್ಮೆ, ರೈಲಿನ ಕಿಟಕಿಯಿಂದ.
"ಸದ್ದೇ ಇರಲ್ಲ" ಅಂದ.

ಕಡೆಯ ರಾತ್ರಿ.
ಉಣ್ಣೆಯ ಕೋಟು, ಅಂಟಿಸಿದ ಮೀಸೆ;
ಬೆವರು ತಾಗಿದಲ್ಲೆಲ್ಲ ಹಿಮ ಗಂಜಿಯಾಗಿ
ನಾಲ್ಕು ರಾತ್ರಿಯದೂ ಬಾಗಿಲ ಸಂದಿಯಲ್ಲಿ ಒಣಗಿ
ಸರೇಸಾಗಿತ್ತು.
'ಬಾ' ಅಂದ ಕ್ಲೆಮ್. ಎಳೆದ.
ಬಾಗಿಲು ಬರಲಿಲ್ಲ.
'ಬಾ' ಅಂದ ಮತ್ತೆ, ಕಾಲು ಊರಿ ಎಳೆದ.
ಪುಸ್ತಕದಲ್ಲಿ ಒಂದೇ 'ಬಾ' ಇರುವುದು.
ನನ್ನತ್ತ ನೋಡಿದ. ಪುಟ ತಿರುವಿದೆ.
ಮುಂದೆ ಚರ್ಚಿನ ಗಂಟೆ, ಪರದೆ.
ನನ್ನ ಬಾಯಲ್ಲೂ ಏನೂ ಇರಲಿಲ್ಲ.

ಲಿಗಾಯ ಒಂದಿಷ್ಟು ಕಾದಳು.
ಆಮೇಲೆ ಬಾಗಿಲನ್ನು ಬಳಸಿಕೊಂಡು
ಪಕ್ಕದಿಂದ ನಡೆದು ಒಳಗೆ ಬಂದಳು.
ಗೋಡೆ ಎಲ್ಲಿತ್ತು?
ಪ್ಲೈವುಡ್ಡಿಗೆ ದುಡ್ಡು ಸಾಲದೆ
ಬರೀ ಚೌಕಟ್ಟು ನಿಲ್ಲಿಸಿದ್ದೆವು.
ಕುರ್ಚಿ ಎಳೆದು ಕೂತಳು, ಬ್ರೆಡ್ಡು ಮುರಿದಳು.
ಹಿಂದಿನ ಸಾಲಿನಲ್ಲಿ ಒಂದು ನಗು ಎದ್ದು
ಅರ್ಧಕ್ಕೇ ನಿಂತಿತು.
ಬಾಗಿಲ ಮೇಲಿದ್ದ ಬೆಳಕನ್ನು
ಜೋರಿ ಮೆಲ್ಲಗೆ ಬಿಡಿಸಿ, ಅವಳ ಹಿಂದೆಯೇ ನಡೆಸಿಕೊಂಡು ಹೋಗಿ
ಅಣ್ಣನ ಮೇಜಿನ ಮೇಲಿಟ್ಟ.
ಯಾರೂ ಹೇಳಿರಲಿಲ್ಲ.
ಕ್ಲೆಮ್ ಇನ್ನೂ ಬಾಗಿಲ ಹಿಡಿಕೆ ಹಿಡಿದೇ ನಿಂತಿದ್ದ.

ಜನ ಹೋದ ಮೇಲೆ ಗುಡಿಸುವ ಕೆಲಸ.
ಜೋರಿಯ ಕೈಯಲ್ಲಿ ಪೊರಕೆ, ಕ್ಲೆಮ್ ಕೈಯಲ್ಲಿ ಮೊರ.
"ಅವನಿಗೆ ಹೇಳು..." ಅಂದ ಕ್ಲೆಮ್, ನನ್ನ ಕಡೆ ತಿರುಗಿ.
ನಾನು ಟಾರ್ಚು ಆರಿಸಿದೆ.

ಬಹಳ ಹೊತ್ತು ಪೊರಕೆಯದೇ ಸದ್ದು.
ಆಮೇಲೆ ಒಬ್ಬರು
(ಯಾರೆಂದು ಕತ್ತಲಲ್ಲಿ ತಿಳಿಯಲಿಲ್ಲ,
ಇಬ್ಬರದೂ ಅಪ್ಪನದೇ ದನಿ)
"ಕೋಳಿಗೆ ಹಾಕಬಹುದೇನೋ ಇದನ್ನ."

ಬೆಳಿಗ್ಗೆ ಚರ್ಚಿಗೆ ಹೋಗುವಾಗ ಕಂಡೆ:
ಜೋರಿಯ ಹಿತ್ತಲಲ್ಲಿ ಆರು ಕೋಳಿ
ಇಂಗ್ಲೆಂಡಿನ ಹಿಮ ಕೆದಕಿ ಕೆದಕಿ ತಿನ್ನುತ್ತಿದ್ದವು.
ಬೇಲಿಯ ಮೇಲೆ ಒಂದು ಖಾಲಿ ಚೀಲ,
ಕ್ಲೆಮ್ ಅಂಗಡಿಯ ಮುದ್ರೆ ಇದ್ದದ್ದು.
ನಾನು ಏನೂ ಕೇಳಲಿಲ್ಲ.
ಆಗಲೇ ಬಿಸಿಲು ಏರಿತ್ತು.